ಗಣಕಯಂತ್ರದ ನಿದ್ದೆ, ಬದಲಾದ ಡಿಸ್ಕು

ಶಿರ್ತಾಡಿಯ ಅಡಿಕೆ ಬೆಳೆಗಾರರೊಬ್ಬರು ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಗಿದ್ದಾರೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಅಡಿಕೆಯ ಗೋಣಿ. ಅವರು ಏಳುವಷ್ಟರಲ್ಲಿ ಯಾರೋ ಅದನ್ನು ಒಯ್ದು, ಅಂಥದ್ದೇ ಬೇರೊಂದು ಗೋಣಿ ಇಟ್ಟಿದ್ದರೆ? ಅವರು ಹಳೆಯ ಲೆಕ್ಕವನ್ನೇ ಮುಂದುವರಿಸುತ್ತಾರೆ. ಮಲಗಿಸಿಟ್ಟ ಗಣಕಯಂತ್ರದ ಪಾಡೂ ಹೆಚ್ಚುಕಡಿಮೆ ಇದೇ.

ಫ್ಲಾಪಿಯ ಕಾಲದಲ್ಲಿ ಈ ಭಯ ಬೇರೆ ರೂಪದಲ್ಲಿತ್ತು. 1984ರ ಆಪಲ್ ಮ್ಯಾಕಿಂತೋಷ್‌ನಲ್ಲಿ ಫ್ಲಾಪಿ ಹೊರತೆಗೆಯುವ ಗುಂಡಿಯೇ ಇರಲಿಲ್ಲ. ಬರೆಯುವ ಕೆಲಸ ಮುಗಿಸಿ ಯಂತ್ರವೇ ಅದನ್ನು ಹೊರಗೆ ತಳ್ಳುತ್ತಿತ್ತು. ಐಬಿಎಂ ಪಿಸಿಯಲ್ಲಾದರೋ ಆ ಅಧಿಕಾರ ಬಳಕೆದಾರನ ಕೈಯಲ್ಲಿತ್ತು. ಏನೇ ಇರಲಿ, ಯಂತ್ರ ಎಚ್ಚರವಾಗಿರುತ್ತಿತ್ತು.

ಲ್ಯಾಪ್‌ಟಾಪ್ ಬಂದ ಮೇಲೆ ಬ್ಯಾಟರಿ ಉಳಿಸುವುದು ಅಗತ್ಯವಾಯಿತು. ಅದಕ್ಕಾಗಿ 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಎಪಿಎಂ ಎಂಬ ವ್ಯವಸ್ಥೆ ತಂದವು. 1996ರ ಡಿಸೆಂಬರ್‌ನಲ್ಲಿ ತೋಷಿಬಾ ಕೂಡ ಸೇರಿ ಎಸಿಪಿಐ ಬಂತು. ನಿದ್ದೆಯಲ್ಲಿ ಸ್ಮೃತಿಗೆ ಮಾತ್ರ ವಿದ್ಯುತ್, ಉಳಿದ ಬಹುಪಾಲು ಭಾಗ ಸ್ತಬ್ಧ. ಅದೇ ವರ್ಷ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿಯೂ ಹೊರಬಿದ್ದಿತ್ತು. ಬರೋಡದಲ್ಲಿ ಓದಿದ ಅಜಯ್ ಭಟ್ ಅದರ ರೂವಾರಿಗಳಲ್ಲೊಬ್ಬರು. ಸಾಧನಗಳನ್ನು ಬೇಕೆಂದಾಗ ಚುಚ್ಚಿ, ಬೇಕೆಂದಾಗ ಕೀಳುವ ಅಭ್ಯಾಸ ಜನರಿಗೆ ಹತ್ತಿತು.

ಯುಎಸ್‌ಬಿಯ ನಿಯಮ ಕಟ್ಟುನಿಟ್ಟಾದುದು: ನಿದ್ದೆಯಲ್ಲೂ ಸಾಧನಕ್ಕೆ ಚೂರು ವಿದ್ಯುತ್ ಹರಿಯುತ್ತಿರಬೇಕು. ಅದು ಕಡಿದರೆ, ಎದ್ದಾಗ ಆ ಸಾಧನವನ್ನು ಕಿತ್ತಿದ್ದಾರೆಂದೇ ತಿಳಿಯಬೇಕು. ನಿಯಮ ಸುರಕ್ಷಿತ, ಆದರೆ ನಿರ್ದಯ. ತೆರೆದಿಟ್ಟ ಕಡತ ಅನಾಥವಾಗುತ್ತದೆ. ಇಡೀ ವ್ಯವಸ್ಥೆಯೇ ಯುಎಸ್‌ಬಿ ಡಿಸ್ಕಿನಲ್ಲಿದ್ದರೆ ಯಂತ್ರ ನಿಂತೇ ಹೋಗುತ್ತದೆ. ಇದಕ್ಕೆ ಲಿನಕ್ಸ್‌ನ ಅಲನ್ ಸ್ಟರ್ನ್ 2006ರಲ್ಲಿ ಒಂದು ಉಪಾಯ ವಿವರಿಸಿದರು. ಅದೇ ಕಿಂಡಿಯಲ್ಲಿ ಅದೇ ತಯಾರಕರ, ಅದೇ ಮಾದರಿಯ ಸಾಧನ ಕಂಡರೆ ಹಳೆಯದೇ ಎಂದು ಒಪ್ಪಿಕೊಳ್ಳುವುದು. ಇದರಲ್ಲಿ ಅಪಾಯವಿದೆಯೆಂದೂ ಅವರೇ ಎಚ್ಚರಿಸಿದ್ದರು.

ಶಿರ್ತಾಡಿಯಂಥ ಊರಿನ ಮದುವೆ ಛಾಯಾಗ್ರಾಹಕರು ಈ ಅಪಾಯವನ್ನು ಬೇಗ ಗ್ರಹಿಸಬಲ್ಲರು. ಯಂತ್ರ ಮಲಗಿರುವಾಗ ಕಾರ್ಡ್ ರೀಡರಿನಿಂದ ಒಂದು ಕಾರ್ಡ್ ತೆಗೆದು ಇನ್ನೊಂದನ್ನು ಹಾಕಿದರೆ ರೀಡರ್ ಮಾತ್ರ ಅದೇ. ಯಾವ ಚಿತ್ರ ಎಲ್ಲಿದೆಯೆಂಬ ಹಳೆಯ ಕಾರ್ಡಿನ ಪಟ್ಟಿ ಸ್ಮೃತಿಯಲ್ಲಿ ಉಳಿದಿರುತ್ತದೆ. ಎದ್ದ ಯಂತ್ರ ಆ ಪಟ್ಟಿಯನ್ನೇ ಹೊಸ ಕಾರ್ಡಿನ ಮೇಲೆ ಬರೆಯಹೊರಟರೆ ಧಾರೆಯ ಚಿತ್ರಗಳು ಕೆಟ್ಟುಹೋಗಬಹುದು. ಕಾರ್ಡ್ ಅದೇ ಆಗಿದ್ದರೂ, ನಡುವೆ ಬೇರೆ ಯಂತ್ರದಲ್ಲಿ ಒಂದೆರಡು ಚಿತ್ರ ಅಳಿಸಿ ತಂದಿದ್ದರೆ ಇದೇ ಗತಿ.