ಚಲಚ್ಚಿತ್ರ ರಸಗ್ರಹಣ

ದೇಶಕಾಲಗಳ ಭೇದವನ್ನು ಮೀರಿ ಜಗತ್ತಿನ ಉತ್ತಮ ಚಲಚ್ಚಿತ್ರಗಳನ್ನು, ಕಾವ್ಯವನ್ನೋದುವ ಏಕಾಗ್ರತೆಯಿಂದ, ಬಿಂಬ, ಧ್ವನಿ, ಸಂಕಲನಗಳ ಲಯವನ್ನರಿತು ಆಸ್ವಾದಿಸುವ ಅಭ್ಯಾಸ. ಕನ್ನಡನಾಡಿನಲ್ಲಿ ಈ ಅಭ್ಯಾಸವು ನಗರಗಳ ಚಿತ್ರಸಮಾಜಗಳಿಗಷ್ಟೇ ಮೀಸಲಾಗದೆ ಹಳ್ಳಿಯಲ್ಲಿ ಬೇರೂರಿದುದು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು (ನೀನಾಸಮ್) ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ ಬಹಾದ್ದೂರರು ಅಲ್ಲಿಯ ರಸಗ್ರಹಣ ಶಿಬಿರಗಳಿಗೆ ಗುರುಗಳಾದರು.

ಅಡಕೆತೋಟಗಳ ನಡುವಣ ಆ ಊರಿನ ಕೃಷಿಕರು ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ (1955), ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948), ಕುರೊಸಾವಾನ ‘ರಶೋಮನ್’ (1950) ಮೊದಲಾದ ಕೃತಿಗಳನ್ನು ಕಂಡರು. ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ನಿರೂಪಿಸುವ ‘ರಶೋಮನ್’ ಪಾಶ್ಚಾತ್ಯ ಪ್ರೇಕ್ಷಕರಿಗೆ ಅಪೂರ್ವವೆನಿಸಿತು. ಆದರೆ ಒಂದೇ ಪ್ರಸಂಗವನ್ನು ಭೀಷ್ಮನ ಪಕ್ಷದಿಂದಲೂ ಕೃಷ್ಣನ ಪಕ್ಷದಿಂದಲೂ ಅರ್ಥಧಾರಿಗಳು ವಾದಿಸುವುದನ್ನು ತಾಳಮದ್ದಲೆಯಲ್ಲಿ ರಾತ್ರಿಯಿಡೀ ಆಲಿಸಿದ ಮಲೆನಾಡಿನ ಕಿವಿಗೆ ಆ ತಂತ್ರವು ಸರ್ವಥಾ ಅಪರಿಚಿತವಾಗಿರಲಾರದು. ಅಕ್ಷರಾಭ್ಯಾಸವಿಲ್ಲದವನಿಗೆ ಶ್ರೇಷ್ಠ ಚಿತ್ರವು ದಕ್ಕದೆಂಬ ಮಾತು, ಆದುದರಿಂದಲೇ, ಅವಿಚಾರದ್ದು. ಈ ಅಭ್ಯಾಸವನ್ನು ಹಳ್ಳಿಯಲ್ಲಿ ಬೇರೂರಿಸಿದ ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.