ಸಾಹಸದ ನೆಲ, ಮಾತಿಲ್ಲದ ಜನ: ಬಂಗಾಳಿ ಸಾಹಿತ್ಯದ ಆಫ್ರಿಕಾ

ಬಂಗಾಳಿ ಸಾಹಿತ್ಯದಲ್ಲಿ ಆಫ್ರಿಕಾ ಮೂಡಿಬಂದ ಬಗೆಯನ್ನು ಪರಿಶೀಲಿಸುವವರಿಗೆ 1937 ಮುಖ್ಯವಾದ ವರ್ಷ. ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಚಾಂದೇರ್ ಪಾಹಾಡ್’ ಕಾದಂಬರಿ ಪುಸ್ತಕರೂಪದಲ್ಲಿ ಬಂದದ್ದೂ ರವೀಂದ್ರನಾಥ ಠಾಕೂರರು ‘ಆಫ್ರಿಕಾ’ ಕವಿತೆ ಬರೆದದ್ದೂ ಆ ವರ್ಷವೇ. ರವೀಂದ್ರರು 1926ರಲ್ಲಿ ಈಜಿಪ್ಟಿಗೆ ಹೋಗಿದ್ದರು. ಕವಿತೆಯ ದಟ್ಟಾರಣ್ಯದ ಆಫ್ರಿಕಾವನ್ನು ಕಂಡವರಲ್ಲ. ವಿಭೂತಿಭೂಷಣರಂತೂ ಆ ಖಂಡಕ್ಕೆ ಕಾಲಿಟ್ಟವರೇ ಅಲ್ಲ. ಕಾಣದ ನೆಲವನ್ನು ಇಬ್ಬರೂ ಕಟ್ಟಿಕೊಂಡದ್ದು ಯಾವ ಸಾಮಗ್ರಿಯಿಂದ, ಯಾವ ಅಗತ್ಯಕ್ಕಾಗಿ, ಅಲ್ಲಿಯ ಜನರಿಗೆ ಕೊಟ್ಟ ಜಾಗ ಎಷ್ಟು ಎಂಬುದು ಈ ಲೇಖನದ ವಿಚಾರ.

ಮೊದಲು ‘ಮೌಚಾಕ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಾಂದೇರ್ ಪಾಹಾಡ್’ನ ನಾಯಕ ಶಂಕರ, ಎಫ್.ಎ. ಪಾಸಾದ ಹಳ್ಳಿಹುಡುಗ. ಸೆಣಬಿನ ಗಿರಣಿಯ ಗುಮಾಸ್ತಗಿರಿ ಬೇಡವೆಂದು ಉಗಾಂಡ ರೈಲ್ವೆಯ ಕೆಲಸಕ್ಕೆ ಸೇರುತ್ತಾನೆ. ಈ ಚೌಕಟ್ಟು ಚರಿತ್ರೆಗೆ ಹತ್ತಿರದ್ದು. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಆ ರೈಲುಮಾರ್ಗಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳು ಹೋದರು, ಹೆಚ್ಚಿನವರು ಪಂಜಾಬಿನವರು. 1898ರಲ್ಲಿ ಸಾವೋ ಎಂಬಲ್ಲಿ ನರಭಕ್ಷಕ ಸಿಂಹಗಳ ಹಾವಳಿ ನಡೆಯಿತು. ಕಾದಂಬರಿಯಲ್ಲೂ ಸಿಂಹ ಬರುತ್ತದೆ, ಶಂಕರನ ಗೆಳೆಯನಾದ ತಿರುಮಲ ಅಪ್ಪ ಎಂಬ ದಕ್ಷಿಣ ಭಾರತದ ಯುವಕನನ್ನು ಹೊತ್ತೊಯ್ಯುತ್ತದೆ. ಕೂಲಿಗಳ ಈ ಚರಿತ್ರೆಯಲ್ಲಿ ಬಂಗಾಳಿಯ ಪಾಲು ತೀರಾ ಕಡಿಮೆ. ಆ ಕೊರತೆಯನ್ನು ಕಾದಂಬರಿ ತುಂಬಿಕೊಡುತ್ತದೆ.

ತುಂಬಿಕೊಳ್ಳುವ ತವಕಕ್ಕೆ ಕಾರಣವಿತ್ತು. ವಾರನ್ ಹೇಸ್ಟಿಂಗ್ಸನ ಕುರಿತ 1841ರ ಪ್ರಬಂಧದಲ್ಲಿ ಮೆಕಾಲೆ ಬಂಗಾಳಿಗಳನ್ನು ಪುಕ್ಕಲರೆಂದು ಜರೆದಿದ್ದ. ಸೇನಾ ನೇಮಕಾತಿಯಲ್ಲೂ ಅವರು ‘ಯೋಧ ಜನಾಂಗ’ಗಳ ಪಟ್ಟಿಗೆ ಹೊರಗಾದರು. ಶಂಕರ ಸಿಂಹ, ಮಾಂಬಾ ಹಾವು, ಕಲಹರಿಯ ಬಾಯಾರಿಕೆ ಎಲ್ಲವನ್ನೂ ಗೆದ್ದು ಬರುವುದು ಆ ಹೀಗಳಿಕೆಗೆ ಕೊಟ್ಟ ಉತ್ತರ. ಆದರೆ ಉತ್ತರದ ಭಾಷೆ ವಸಾಹತಿನದೇ. ಭೂವಿವರಗಳಿಗಾಗಿ ಎಚ್.ಎಚ್. ಜಾನ್‌ಸ್ಟನ್, ರೊಸಿಟಾ ಫೋರ್ಬ್ಸ್ ಮೊದಲಾದವರ ಬರಹಗಳನ್ನು ಆಧರಿಸಿದ್ದಾಗಿ ಲೇಖಕರೇ ಮುನ್ನುಡಿಯಲ್ಲಿ ಹೇಳುತ್ತಾರೆ. ಕಾದಂಬರಿಯ ಕಾಡಿನಲ್ಲಿ ಕೊಲ್ಲುವ ‘ಬುನಿಪ್’ ಎಂಬ ಮೃಗವೂ ವಾಸ್ತವದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಐತಿಹ್ಯದ್ದು.

ಜನರ ಚಿತ್ರಣದಲ್ಲಿ ಈ ಋಣ ಇನ್ನೂ ಎದ್ದು ಕಾಣುತ್ತದೆ. ಶಂಕರನ ಗುರು ಪೋರ್ಚುಗೀಸ್ ಅನ್ವೇಷಕ ಡಿಯೆಗೊ ಅಲ್ವಾರೆಜ್. ತನ್ನ ಕಾಯಿಲೆಯ ಮಗಳನ್ನು ಉಳಿಸಿದ ಅಲ್ವಾರೆಜ್‌ಗೆ ಹಳ್ಳಿಯ ಮುಖಂಡನೊಬ್ಬ ಹಳದಿ ಕಲ್ಲೊಂದನ್ನು ಕೊಡುತ್ತಾನೆ. ವಜ್ರದ ಜಾಡು ಅಲ್ಲಿಂದ ಶುರು. ಸುಳಿವು ಕೊಟ್ಟ ಮೇಲೆ ಮುಖಂಡ ಕಥೆಯಿಂದ ಮರೆಯಾಗುತ್ತಾನೆ. ಕೊನೆಗೆ ತಾನು ಕಂಡ ಜ್ವಾಲಾಮುಖಿಯೊಂದಕ್ಕೆ ಶಂಕರ ಇಡುವ ಹೆಸರು ಅಲ್ವಾರೆಜ್‌ನದು. ಸಾಮ್ರಾಜ್ಯದ ಪ್ರಜೆ ಇಲ್ಲಿ ಸಾಮ್ರಾಜ್ಯದ ಅನ್ವೇಷಕನ ಪಾತ್ರಕ್ಕೆ ಬಡ್ತಿ ಪಡೆಯುತ್ತಾನೆ, ಆಫ್ರಿಕದವನಿಗೆ ಬಡ್ತಿಯಿಲ್ಲ.

ರವೀಂದ್ರರ ಕವಿತೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದದ್ದು ಅದರ ಹಿನ್ನೆಲೆ. ಗುಲಾಮರ ಬೇಟೆಗಾರರ ಕ್ರೌರ್ಯವನ್ನೂ ಅವರ ಊರಿನ ಪೂಜೆಯ ಗಂಟೆಗಳನ್ನೂ ಅಕ್ಕಪಕ್ಕ ಇಟ್ಟು ಕವಿ ಯುರೋಪಿನ ನಾಗರಿಕತೆಯನ್ನೇ ಕಟಕಟೆಗೆ ತರುತ್ತಾರೆ. ಆದರೂ ಖಂಡವೆಂಬುದು ಮುಸುಕಿನಲ್ಲಿರುವ, ಅವಮಾನಿತಳಾದ ಹೆಣ್ಣು. ಆಕೆಯ ಬಾಗಿಲಲ್ಲಿ ನಿಂತು ಕ್ಷಮೆ ಕೇಳಬೇಕಾದವನು ಕವಿ. ಆಕೆ ಏನು ಹೇಳುತ್ತಾಳೆಂಬುದು ಕವಿತೆಯಲ್ಲಿಲ್ಲ. ಸಾಹಸಕಥೆಯ ಆಸೆ ಇಲ್ಲಿ ಕರುಣೆಯಾಗಿದೆ, ಮೌನ ಹಾಗೇ ಉಳಿದಿದೆ.

ನೋಡಿ ಬರೆದರೆ ಈ ಮೌನ ಮುರಿಯುತ್ತದೆಯೆ? ಬುದ್ಧದೇವ ಗುಹರ ‘ಗುಗುನೊಗುಂಬಾರೇರ್ ದೇಶೆ’ಯಲ್ಲಿ ಋಜುದಾ ಮತ್ತು ರುದ್ರ ಕಳ್ಳಬೇಟೆಗಾರರ ಜಾಡು ಹಿಡಿದು ಟಾಂಜಾನಿಯಾದ ಸೆರೆಂಗೆಟಿಗೆ ಹೋಗುತ್ತಾರೆ. ಹುಲ್ಲುಗಾವಲು, ಪ್ರಾಣಿಗಳ ವಿವರ ಇಲ್ಲಿ ಖಚಿತ. ಸ್ಥಳೀಯರಿಗೆ ಹೆಸರೂ ಮಾತೂ ಇವೆ. ಆದರೆ ಕಥೆ ಹೇಳುವ ಟೆಡ್ಡಿ ಸಾಯುತ್ತಾನೆ, ಜೊತೆಗಾರ ಭುಷುಂಡ ದ್ರೋಹ ಬಗೆಯುತ್ತಾನೆ. ನಿಷ್ಠಾವಂತ ಅಥವಾ ದ್ರೋಹಿ ಎಂಬ ಎರಡೇ ಖಾನೆಗಳಲ್ಲಿ ಅವರನ್ನು ಹಂಚಿದ್ದು ಹಳೆಯ ಶಿಕಾರಿ ಸಾಹಿತ್ಯದ ಪದ್ಧತಿಯೇ. ಹೀಗಾಗಿ ಲೇಖಕ ಹೋಗಿ ನೋಡಿಬಂದ ಮಾತ್ರಕ್ಕೆ ಪ್ರಕಾರದ ಕಟ್ಟುಪಾಡು ಸಡಿಲವಾಗುವುದಿಲ್ಲ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಸಿಲ್ಹೆಟ್ಟಿನ ರಾಮನಾಥ ಬಿಸ್ವಾಸ್ ಸೈಕಲ್ಲಿನಲ್ಲಿ ಪೂರ್ವ ಹಾಗೂ ದಕ್ಷಿಣ ಆಫ್ರಿಕಾ ಸುತ್ತಿ ‘ಅಂಧಕಾರೇರ್ ಆಫ್ರಿಕಾ’ ಬರೆದರು. ಶೀರ್ಷಿಕೆ ಹಳೆಯ ಕತ್ತಲನ್ನೇ ಹೊತ್ತಿದ್ದರೂ, ದಾರಿಯಲ್ಲಿ ಎದುರಾದ ವರ್ಣಭೇದವನ್ನು ಸ್ವತಃ ಕಪ್ಪುಚರ್ಮದ ಪ್ರವಾಸಿಯಾಗಿ ಉಂಡವರ ಬರಹವದು. ವಿಭೂತಿಭೂಷಣರ ಕಾದಂಬರಿ 2013ರಲ್ಲಿ ಸಿನಿಮಾ ಆಯಿತು. ಬಿಸ್ವಾಸರನ್ನು ಓದುವವರು ವಿರಳ.

ಒಟ್ಟಿನಲ್ಲಿ ಬಂಗಾಳಿ ಸಾಹಿತ್ಯ ಆಫ್ರಿಕಾದ ನೆಲವನ್ನು ಮನಸಾರೆ ಪ್ರೀತಿಸಿತು, ಅದರ ನೋವಿಗೆ ಮರುಗಿತು, ಜನರನ್ನು ಮಾತ್ರ ಸಮಾನರಾಗಿ ಮಾತಿಗೆ ಕೂರಿಸಲಿಲ್ಲ. ಭಾರತೀಯ ಭಾಷೆಗಳ ಆಫ್ರಿಕಾ ಚಿತ್ರಣವನ್ನು ಅಧ್ಯಯನ ಮಾಡುವವರು ಇನ್ನು ಮುಂದೆ ಕಾದಂಬರಿಯ ಜೊತೆಗೆ ಪ್ರವಾಸಕಥನವನ್ನೂ ರೈಲ್ವೆ ಕೂಲಿಗಳ ಚರಿತ್ರೆಯನ್ನೂ ಆಫ್ರಿಕದವರೇ ಭಾರತೀಯರ ಬಗ್ಗೆ ಬರೆದುದನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.