ಗಡಿನಾಡಿನ ಸಮತೆಯ ಚಳವಳಿಗಳು: ನಿಲಂಗಾ, ಉದಗೀರ, ಉಮರಗಾ

ಮಹಾರಾಷ್ಟ್ರದ ಲಾತೂರ ಜಿಲ್ಲೆಯ ನಿಲಂಗಾ ಮತ್ತು ಉದಗೀರ, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯ ಉಮರಗಾ ಕರ್ನಾಟಕದ ಗಡಿಗೆ ಅಂಟಿದ ಸೀಮೆ. ಕಾಸಾರಶಿರಸಿಯಂಥ ಊರುಗಳಲ್ಲಿ ಮನೆಯ ಮಾತಾಗಿ ಕನ್ನಡವೂ ಉಂಟು. ಶಾಲೆ, ಕಚೇರಿ, ಭಾಷಣದ ಕಟ್ಟೆಯ ಮಾತು ಮರಾಠಿ. ಜಾತಿಯ ಮೇಲುಕೀಳಿನ ವಿರುದ್ಧ ಸಭೆ, ಹಾಡು, ಮೋರ್ಚಾ, ಸತ್ಯಾಗ್ರಹಗಳ ದಾರಿ ಹಿಡಿದ ಹೋರಾಟಗಳಿಗೆ ಈ ಸೀಮೆಯೂ ಸೇರಿದೆ. ಅವುಗಳ ಚರಿತ್ರೆ ಈ ಲೇಖನದ ವಿಷಯ.

ದಾಖಲೆಯ ತೊಡಕು

ಈ ಚರಿತ್ರೆ ಚದುರಿಹೋಗಲು ಮುಖ್ಯ ಕಾರಣ ಗಡಿಗೆರೆಗಳ ಬದಲಾವಣೆ. 1956ರ ನವೆಂಬರ್ 1ರವರೆಗೆ ನಿಲಂಗಾ, ಉದಗೀರ, ಅಹಮದಪುರ ಮೂರೂ ಬೀದರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರಲ್ಲಿ ಹೊಸದಾಗಿ ಮಾಡಿದ ಲಾತೂರ ಜಿಲ್ಲೆಗೆ ಸೇರಿದವು. ಹೀಗಾಗಿ ಕಾಸಾರಶಿರಸಿಯ ಒಬ್ಬ ಅಜ್ಜ ಮನೆ ಬದಲಿಸದೆಯೇ ಮೂರು ಜಿಲ್ಲೆ ಕಂಡಿರಬಹುದು. ಬೀದರಿನ ಕನ್ನಡ ಬರಹಗಳು ಸಾಮಾನ್ಯವಾಗಿ 1956ಕ್ಕೆ ಈ ಊರುಗಳನ್ನು ಬಿಟ್ಟುಬಿಡುತ್ತವೆ. ಮರಾಠಿ ಬರಹಗಳ ಕಣ್ಣು ಔರಂಗಾಬಾದ್ (ಇಂದಿನ ಛತ್ರಪತಿ ಸಂಭಾಜಿನಗರ), ನಾಂದೇಡಗಳ ಮೇಲೆ. ನಡುವಿನವರು ಎರಡೂ ಕಡೆ ಅಡಿಟಿಪ್ಪಣಿಯಾಗಿ ಉಳಿದಿದ್ದಾರೆ. ಮುಂದೆ ಹೇಳಲಿರುವ 1978ರ ಘಟನೆಗಳನ್ನು ‘ಲಾತೂರ ಜಿಲ್ಲೆ’ಯ ಹೆಸರಲ್ಲಿ ಹುಡುಕುವವರಿಗೆ ಏನೂ ಸಿಗದಿರಲು ಇದೇ ಕಾರಣ, ಆಗ ಆ ಜಿಲ್ಲೆಯೇ ಇರಲಿಲ್ಲ.

1956ರವರೆಗೆ

ನೆರೆಯ ಕಲ್ಯಾಣದ 12ನೆಯ ಶತಮಾನದ ಶರಣರ ವಿಷಯ ಕನ್ನಡ ಓದುಗರಿಗೆ ಹೊಸದಲ್ಲ. ಆಡುಮಾತಿನ ವಚನವನ್ನೇ ಮನವೊಲಿಕೆಯ ಸಾಧನ ಮಾಡಿಕೊಂಡ ಆ ಚಳವಳಿಯ ನೆನಪು ಈ ಸೀಮೆಯ ಲಿಂಗಾಯತ ಮನೆಗಳಲ್ಲಿ ಇಂದಿಗೂ ಇದೆ. ಶರಣರಾದ ಹರಳಯ್ಯ ಮತ್ತು ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ವಿವರ ಮಾತ್ರ ಹೆಚ್ಚಾಗಿ ನಂತರದ ಕಾಲದ ಕಾವ್ಯ, ಪುರಾಣಗಳಿಂದ ಬಂದದ್ದು.

ಈ ಸೀಮೆಯ ಮೇಲಿದ್ದ ಹೈದರಾಬಾದ್ ನಿಜಾಮರ ಆಳ್ವಿಕೆಯ ಕೊನೆಯ ಎರಡು ದಶಕಗಳ ಬಗ್ಗೆ ಒಮ್ಮತವಿಲ್ಲ. 1938ರ ಡಿಸೆಂಬರ್ 30ರಂದು ಔರಂಗಾಬಾದ್ ಕಡೆಯ ಮಕ್ರಣಪುರದಲ್ಲಿ ದಲಿತ ಪರಿಷತ್ತು ಸೇರಿತು. ಬಿ. ಆರ್. ಅಂಬೇಡ್ಕರ್ ಪಾಲ್ಗೊಂಡಿದ್ದ ಆ ಸಭೆಯಲ್ಲೇ ಭಾವೂಸಾಹೇಬ ಮೋರೆ ‘ಜೈ ಭೀಮ್’ ಎಂಬ ವಂದನೆಯನ್ನು ರೂಢಿಗೆ ತಂದರೆಂದು ಈ ಸೀಮೆಯನ್ನು ಒಳಗೊಂಡ ಮರಾಠವಾಡದವರು ಹೇಳುತ್ತಾರೆ. 1941ರ ಫೆಬ್ರುವರಿಯಲ್ಲಿ ಇಂದಿನ ಧಾರಾಶಿವ ಜಿಲ್ಲೆಯ ಕಸಬೆ ತಡವಳೆಯಲ್ಲಿ ಮಹಾರ–ಮಾಂಗ ವತನದಾರರ (ವಂಶಪಾರಂಪರ್ಯವಾಗಿ ಊರ ಚಾಕರಿ ಮಾಡುವ ದಲಿತರ) ಪರಿಷತ್ತು ನಡೆಯಿತು. ಅಂಬೇಡ್ಕರ್ ಅಲ್ಲಿಗೂ ಬಂದಿದ್ದರು. ಹೈದರಾಬಾದ್ ವಿಮೋಚನೆಯ ಕಥನಗಳಲ್ಲಿ ಈ ಸಭೆಗಳಿಗೆ ಸಿಕ್ಕಿರುವ ಜಾಗ ತೀರ ಕಡಿಮೆ. ಔರಂಗಾಬಾದ್‌ನಲ್ಲಿ ಹುಟ್ಟಿದ ದಲಿತ ನಾಯಕ ಬಿ. ಶ್ಯಾಮಸುಂದರ್ 1948ರಲ್ಲಿ ನಿಜಾಮರ ಹೈದರಾಬಾದ್ ನಿಯೋಗದ ಸದಸ್ಯರಾಗಿ ವಿಶ್ವಸಂಸ್ಥೆಯ ಮುಂದೆ ಹೋಗಿದ್ದರು, 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ಅವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬ ಜಗಳವೂ ಇನ್ನೂ ಮುಗಿದಿಲ್ಲ.

ಹೊಲ ಮತ್ತು ಕಾಲೇಜು

1956ರ ನಂತರ ಎರಡು ಸಂಗತಿಗಳು ಮುಂದಿನ ಹೋರಾಟಕ್ಕೆ ನೆಲ ಹದಮಾಡಿದವು. ಒಂದು, ಗಾಯರಾನ. ದನ ಮೇಯಲು ಬಿಟ್ಟ ಸರ್ಕಾರಿ ನೆಲಕ್ಕೆ ಈ ಕಡೆ ಇರುವ ಹೆಸರು ಇದು. ಭೂಮಿಯಿಲ್ಲದವರಿಗೆ ಅದನ್ನು ಹಂಚಬೇಕೆಂದು ದಲಿತ ನಾಯಕ ದಾದಾಸಾಹೇಬ ಗಾಯಕವಾಡರು 1959ರಲ್ಲಿ, ಮತ್ತೆ 1964–65ರಲ್ಲಿ ಸತ್ಯಾಗ್ರಹ ನಡೆಸಿದರು. ಎರಡನೆಯ ಸಲ ಮೂರು ಲಕ್ಷಕ್ಕೂ ಹೆಚ್ಚು ಜನ ಜೈಲು ತುಂಬಿದರೆಂಬುದು ಚಳವಳಿಯವರ ಲೆಕ್ಕ. ಹಿಡಿ ಜೋಳ ಬೆಳೆದುಕೊಳ್ಳುವ ನೆಲವಿದ್ದವನು ಗೌಡನ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ ಎಂಬ ಸರಳ ತಿಳಿವಳಿಕೆ ಇದರ ಹಿಂದಿತ್ತು.

ಇನ್ನೊಂದು, ಅಂಬೇಡ್ಕರ್ 1950ರಲ್ಲಿ ಔರಂಗಾಬಾದ್‌ನಲ್ಲಿ ತೆರೆದ ಕಾಲೇಜು, ಮುಂದೆ ಮಿಲಿಂದ ಮಹಾವಿದ್ಯಾಲಯ. ಅಮೆರಿಕದಲ್ಲಿ ಓದಿ ಬಂದ ಎಂ. ಎನ್. ವಾನಖೇಡೆ ಅಲ್ಲಿ ಕರಿಯರ ಸಾಹಿತ್ಯದ ಮಾತು ತೆಗೆದರು. ಗಂಗಾಧರ ಪಾನತಾವಣೆಯವರ ‘ಅಸ್ಮಿತಾದರ್ಶ’ ಪತ್ರಿಕೆ ಆ ವಾತಾವರಣದಲ್ಲಿ ಬೆಳೆಯಿತು. ಲಾತೂರಿನ ಪ್ರಾಧ್ಯಾಪಕ ಜನಾರ್ದನ ವಾಘಮಾರೆ ಅಮೆರಿಕದ ಕರಿಯರ ಸಾಹಿತ್ಯ, ಸಂಸ್ಕೃತಿಗಳ ಮೇಲೆ ಮರಾಠಿಯಲ್ಲಿ ಪುಸ್ತಕ ಬರೆದರು. ಈ ನಂಟು ಹೊಸದೇನಲ್ಲ. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಬಗ್ಗೆ ಕೇಳಿ ಅಂಬೇಡ್ಕರ್ 1946ರಲ್ಲೇ ಅಲ್ಲಿನ ಕರಿಯ ಚಿಂತಕ ಡು ಬೊಯಿಸ್ ಅವರಿಗೆ ಪತ್ರ ಬರೆದಿದ್ದರು. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ಕೇರಳದ ಒಂದು ಶಾಲೆಯಲ್ಲಿ ಅವರನ್ನು ಅಮೆರಿಕದ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಲಾಯಿತು. ಮೊದಲು ನೊಂದ ಅವರು, ಆಮೇಲೆ ಆ ಮಾತನ್ನು ತಮ್ಮದೆಂದು ಒಪ್ಪಿಕೊಂಡರು.

ನಾಮಾಂತರ, 1977–1994

ಈ ಸೀಮೆಯ ಚರಿತ್ರೆಯಲ್ಲಿ ನಿಜವಾದ ತಿರುವು ನಾಮಾಂತರದ, ಅಂದರೆ ವಿಶ್ವವಿದ್ಯಾಲಯದ ಹೆಸರು ಬದಲಾವಣೆಯ, ಹೋರಾಟ. 1958ರಲ್ಲಿ ಶುರುವಾದ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರರ ಹೆಸರಿಡಬೇಕೆಂಬ ಬೇಡಿಕೆ 1977ರ ಹೊತ್ತಿಗೆ ಜೋರಾಯಿತು. 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಅದರ ಬೆನ್ನಿಗೇ ಮರಾಠವಾಡದ ಅಂದಿನ ಐದೂ ಜಿಲ್ಲೆಗಳಲ್ಲಿ ದಲಿತ ಕೇರಿಗಳ ಮೇಲೆ ದಾಳಿಗಳಾದವು: ಗುಡಿಸಲುಗಳಿಗೆ ಬೆಂಕಿ, ಬಾವಿಗಳಿಗೆ ಹೊಲಸು, ಕೂಲಿ ನಿಲುಗಡೆ. ಹಾನಿಗೊಳಗಾದ ಹಳ್ಳಿಗಳು ಸುಮಾರು 1,200 ಎಂಬ ಲೆಕ್ಕ ಹೆಚ್ಚು ಬಳಕೆಯಲ್ಲಿದೆ. ನಾಂದೇಡ ಜಿಲ್ಲೆಯ ಟೆಂಭುರ್ಣಿಯಲ್ಲಿ ಪೋಚಿರಾಮ ಕಾಂಬಳೆಯವರ ಕೊಲೆಯಾಯಿತು.

ಹಿಂಸೆಯ ಕಾರಣದ ಬಗ್ಗೆ ಎರಡು ವಾದಗಳಿವೆ. ವಿಮೋಚನಾ ಹೋರಾಟದ ಹಿರಿಯರಾದ ಗೋವಿಂದಭಾಯಿ ಶ್ರಾಫ್, ಪತ್ರಕರ್ತ ಅನಂತ ಭಾಲೇರಾವ್ ಮುಂತಾದವರು ನಾಮಾಂತರವನ್ನು ವಿರೋಧಿಸಿದ್ದರು. ‘ಮರಾಠವಾಡ’ ಎಂಬ ಹೆಸರೇ ಪ್ರದೇಶದ ಗುರುತು ಎಂಬುದು ವಿರೋಧಿಗಳ ನಿಲುವು. ಜಗಳ ಹೆಸರಿನದಲ್ಲ, ಗಾಯರಾನದ ನೆಲ, ಮೀಸಲಾತಿಯ ನೌಕರಿ, ದಲಿತ ಹುಡುಗರ ಕಾಲೇಜು ಓದು ಇವುಗಳ ಮೇಲಿನ ಸಿಟ್ಟು ಹೆಸರಿನ ನೆಪದಲ್ಲಿ ಹೊರಬಿತ್ತು ಎಂಬುದು ಇನ್ನೊಂದು ವಾದ. ನಗರದ ವಿದ್ಯಾರ್ಥಿಗಳ ವಿರೋಧ ಹಳ್ಳಿಯ ಬೆಂಕಿಯಾದ ವೇಗ ನೋಡಿದರೆ ಎರಡನೆಯದಕ್ಕೇ ಹೆಚ್ಚು ತೂಕ.

ಉತ್ತರವಾಗಿ ದಲಿತರು ಆರಿಸಿಕೊಂಡದ್ದು ನಡಿಗೆ ಮತ್ತು ಜೈಲು. 1979ರ ನವೆಂಬರ್‌ನಲ್ಲಿ ದಲಿತ ನಾಯಕ ಜೋಗೇಂದ್ರ ಕವಾಡೆ ನೇತೃತ್ವದ ಲಾಂಗ್ ಮಾರ್ಚ್ ನಾಗಪುರದ ದೀಕ್ಷಾಭೂಮಿಯಿಂದ ಔರಂಗಾಬಾದ್ ಕಡೆ ಹೊರಟಿತು. ಖಡಕಪೂರ್ಣಾ ನದಿಯ ಸೇತುವೆಯ ಬಳಿ ಪೊಲೀಸರು ತಡೆದು ಬಂಧಿಸಿದರು. ಡಿಸೆಂಬರ್ 6ರ, ಅಂದರೆ ಅಂಬೇಡ್ಕರರು ತೀರಿಕೊಂಡ ದಿನದ, ಸತ್ಯಾಗ್ರಹದಲ್ಲಿ ಸಾವಿರಾರು ಜನ ಬಂಧನಕ್ಕೆ ಒಡ್ಡಿಕೊಂಡರು. ಸುದ್ದಿಯನ್ನು ಹಳ್ಳಿಗೆ ಮುಟ್ಟಿಸುವ ಕೆಲಸ ಜಲಸಾ (ಹಾಡು–ಆಟದ ಮೇಳ) ಮತ್ತು ಅಂಬೇಡ್ಕರರನ್ನು ಕುರಿತ ಭೀಮಗೀತೆಗಳದು. ಅಕ್ಷರ ಬಾರದ ತಾಯಂದಿರೂ ವಾಮನದಾದಾ ಕರ್ಡಕರ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅದೇ ದಶಕದಲ್ಲಿ ಗಡಿಯ ಕೆಳಗೆ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಸಿದ್ಧಲಿಂಗಯ್ಯನವರ ಹಾಡುಗಳೊಂದಿಗೆ ಬೀದಿಗಿಳಿದಿತ್ತು.

ಗೊತ್ತುವಳಿ ಜಾರಿಯಾಗಲು ಹದಿನಾರು ವರ್ಷ ಹಿಡಿಯಿತು. 1993ರ ನವೆಂಬರ್‌ನಲ್ಲಿ ನಾಂದೇಡದಲ್ಲಿ ಗೌತಮ ವಾಘಮಾರೆ ಇದೇ ಬೇಡಿಕೆಗಾಗಿ ಪ್ರಾಣ ಕಳೆದುಕೊಂಡರು. 1994ರ ಜನವರಿ 14ರಂದು ‘ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ’ ಎಂಬ ಹೆಸರು ಬಂತು. ಹಳೆಯ ಹೆಸರನ್ನು ತೆಗೆಯದೆ ಹೊಸದನ್ನು ಕೂಡಿಸಿದ್ದರಿಂದ ಸರ್ಕಾರ ಇದನ್ನು ‘ನಾಮವಿಸ್ತಾರ’ ಎಂದಿತು. ಚಳವಳಿಯವರ ಬಾಯಲ್ಲಿ ‘ನಾಮಾಂತರ’ವೇ ಉಳಿದಿದೆ.

ಬರಹಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಗಡಿ ತಾಲ್ಲೂಕುಗಳ ಮಟ್ಟಿಗೆ ಇನ್ನೊಂದು ಘಟ್ಟವಿದೆ. ಅದೇ ವರ್ಷದ ಸೆಪ್ಟೆಂಬರ್ 17ರಂದು ನಾಂದೇಡದಲ್ಲಿ ಬೇರೆ ವಿಶ್ವವಿದ್ಯಾಲಯವಾಯಿತು, ಲಾತೂರ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿದವು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ, ಉಮರಗಾ ಬದಿಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಕಲಿಸಿದ ಸ್ವಾಮಿ ರಾಮಾನಂದ ತೀರ್ಥರ ಹೆಸರು ಅದಕ್ಕೆ. ಮೊದಲ ಕುಲಪತಿ, ಕರಿಯರ ಸಾಹಿತ್ಯದ ಬಗ್ಗೆ ಬರೆದ ಅದೇ ಜನಾರ್ದನ ವಾಘಮಾರೆ. ಪರಿಣಾಮವಾಗಿ ಉಮರಗಾದ ಹುಡುಗಿಯ ಪದವಿ ಪ್ರಮಾಣಪತ್ರದ ಮೇಲೆ ಅಂಬೇಡ್ಕರರ ಹೆಸರಿದೆ; ಕೆಲವೇ ಮೈಲಿ ಆಚೆಯ ಕಾಸಾರಶಿರಸಿಯ ಹುಡುಗಿಯ ಪತ್ರದ ಮೇಲೆ ಇಲ್ಲ.

ಈಚೆಗೆ

ಗಾಯರಾನದ ಸಾಗುವಳಿಯನ್ನು ಸಕ್ರಮಗೊಳಿಸಲು 1990ರ ಏಪ್ರಿಲ್ 14ನ್ನು ಗಡುವಾಗಿ ಇಡಲಾಯಿತು. ಬೀಡದ ಏಕನಾಥ ಆವಾಡ ಆ ಹಕ್ಕಿಗಾಗಿ ಜನರನ್ನು ಸಂಘಟಿಸಿದರು. 2018ರಲ್ಲಿ ಉದಗೀರ ತಾಲ್ಲೂಕಿನ ರುದ್ರವಾಡಿಯಲ್ಲಿ ಮದುವೆಯ ವೇಳೆಯ ಹಲ್ಲೆಯ ನಂತರ ಇಪ್ಪತ್ತಕ್ಕೂ ಹೆಚ್ಚು ಮಾತಂಗ (ಮಾಂಗ) ಕುಟುಂಬಗಳು ಊರನ್ನೇ ತೊರೆದು ಉದಗೀರದ ಬಳಿ ಬೀಡುಬಿಟ್ಟವು. ಕಲ್ಲೆತ್ತದೆ, ಮನೆಗೆ ಬೀಗ ಹಾಕಿ ಹೊರಡುವ ಈ ಬಗೆಯ ಪ್ರತಿಭಟನೆಗೆ ಚರಿತ್ರೆಗಳಲ್ಲಿ ಇನ್ನೂ ಸರಿಯಾದ ಜಾಗ ಸಿಕ್ಕಿಲ್ಲ. 2022ರ ಫೆಬ್ರುವರಿಯಲ್ಲಿ ನಿಲಂಗಾ ತಾಲ್ಲೂಕಿನ ತಾಡಮುಗಳಿಯಲ್ಲಿ ಹನುಮಂತನ ಗುಡಿಯಲ್ಲಿ ತೆಂಗಿನಕಾಯಿ ಒಡೆದ ಕಾರಣಕ್ಕೆ ಮಾತಂಗರ ಮೇಲೆ ಬಹಿಷ್ಕಾರ ಹಾಕಿದ ವರದಿ ಬಂತು. ಅದೇ ವರ್ಷದ ಏಪ್ರಿಲ್‌ನಲ್ಲಿ ಉದಗೀರದಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಸೇರಿದಾಗ ಊರಿನ ಇನ್ನೊಂದು ಕಡೆ ಅದಕ್ಕೆ ಪರ್ಯಾಯವಾದ ವಿದ್ರೋಹಿ ಸಾಹಿತ್ಯ ಸಮ್ಮೇಳನವೂ ನಡೆಯಿತು.

ಪ್ರತಿವರ್ಷ ಜನವರಿ 14ರಂದು ಔರಂಗಾಬಾದ್‌ನ ವಿಶ್ವವಿದ್ಯಾಲಯದ ಮಹಾದ್ವಾರದ ಮುಂದೆ ಮರಾಠವಾಡದ ಮೂಲೆಮೂಲೆಯಿಂದ ಜನ ಸೇರುತ್ತಾರೆ. ದಾರಿಯುದ್ದಕ್ಕೂ ಪುಸ್ತಕದಂಗಡಿಗಳು, ಧ್ವನಿವರ್ಧಕದಲ್ಲಿ ಭೀಮಗೀತೆ. ಮುದುಕಿಯರು ಕಮಾನಿನ ಕಲ್ಲನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಯಾವ ಶಾಲೆಯ ಬಾಗಿಲನ್ನೂ ದಾಟಿದವರಲ್ಲ.